ಪುಟಾಣಿಗಳಿಗೆ ಪಂಚೇಂದ್ರಿಯ: ಒಂದು ಸಲಕ್ಕೆ ಒಂದೇ ಸಾಕು

ಪ್ರಶ್ನೆ: ನಮ್ಮ ಗ್ರಂಥಾಲಯದಲ್ಲಿ ಒಂದೂವರೆಯಿಂದ ಮೂರು ವರ್ಷದ ಮಕ್ಕಳಿಗೆ ವಾರಕ್ಕೊಮ್ಮೆ ಅರ್ಧ ಗಂಟೆ ಕಥೆ ಹೇಳುತ್ತೇವೆ. ಹತ್ತು ಹನ್ನೆರಡು ಮಕ್ಕಳು, ಜೊತೆಗೆ ಅವರ ಮನೆಯವರು ಇರುತ್ತಾರೆ. ಪಂಚೇಂದ್ರಿಯಗಳ ಪರಿಚಯ ಮಾಡಿಸೋಣವೆಂದು ಐದು ಮೇಜು ಹಾಕಿ ಐದು ಆಟ ಇಟ್ಟೆವು. ಹತ್ತು ನಿಮಿಷಕ್ಕೆ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಇಬ್ಬರು ಅತ್ತರು, ಒಬ್ಬ ವಾಸನೆ ಡಬ್ಬಿಯಲ್ಲಿದ್ದ ಹತ್ತಿಯನ್ನು ಬಾಯಿಗೆ ಹಾಕಿಕೊಂಡ. ಇದನ್ನು ಹೇಗೆ ಮಾಡಬೇಕು? ಯಾವ ವಸ್ತು ಇಡಬಹುದು, ಯಾವುದು ಬೇಡ?

ಉತ್ತರ: ಐದು ಮೇಜು ಹಾಕಿದ್ದೇ ತೊಡಕು. ಇಂದ್ರಿಯಗಳನ್ನು ಐದು ಎಂದು ಎಣಿಸುವುದು ದೊಡ್ಡವರ ಲೆಕ್ಕಾಚಾರ. ಎರಡು ವರ್ಷದ ಮಗುವಿಗೆ ಆ ಲೆಕ್ಕವೂ ಬೇಡ, ‘ಇಂದ್ರಿಯ’ ಎಂಬ ಮಾತೂ ಬೇಡ. ಆ ವಯಸ್ಸಿಗೆ ದಕ್ಕುವುದು ಒಂದು ಅಂಗ, ಅದರ ಕೆಲಸ ಮತ್ತು ಒಂದೆರಡು ಗುಣ. ಕಿವಿ, ಕೇಳು, ಜೋರು, ಮೆಲ್ಲಗೆ. ಕೈ, ಮುಟ್ಟು, ಒರಟು, ನುಣುಪು. ಇಷ್ಟನ್ನು ಮಗು ಮೈಯಿಂದ ಮಾಡಿ, ನಿಮ್ಮ ಬಾಯಿಂದ ಕೇಳಿಸಿಕೊಂಡು ಹೋದರೆ ಆ ದಿನದ ಕೆಲಸ ಮುಗಿಯಿತು.

ಆದ್ದರಿಂದ ಒಂದು ದಿನಕ್ಕೆ ಒಂದೇ ಇಂದ್ರಿಯ ಇಟ್ಟುಕೊಳ್ಳಿ, ಮುಂದಿನ ವಾರವೂ ಅದನ್ನೇ ಮಾಡಿ. ನಡೆಸುವವರಿಗೆ ಬೇಸರ ಬರಬಹುದು, ಮಕ್ಕಳಿಗೆ ಬರುವುದಿಲ್ಲ. ಮೊದಲ ಸಲ ಸುಮ್ಮನೆ ನೋಡುತ್ತ ಕುಳಿತ ಮಗು ಎರಡನೆಯ ಸಲ ಕೈ ಚಾಚುತ್ತದೆ. ಆರಂಭ ಮುಟ್ಟುವುದರಿಂದ ಆಗಲಿ, ಮಕ್ಕಳು ಹೇಗಿದ್ದರೂ ಅದನ್ನೇ ಮಾಡುತ್ತಿರುತ್ತಾರೆ. ಆಮೇಲೆ ಕೇಳುವುದು, ನೋಡುವುದು. ಮೂಸುವುದು ಕೊನೆಗೆ ಬರಲಿ, ಅದು ಕಾಣುವಷ್ಟು ಸುಲಭವಲ್ಲ. ರುಚಿಯ ಬಗ್ಗೆ ನನ್ನ ಅಭಿಪ್ರಾಯವೇ ಬೇರೆ, ಮುಂದೆ ಹೇಳುತ್ತೇನೆ.

ಎಲ್ಲೆಡೆ ಸಿಗುವ ‘ಪುಟ್ಟ ಮಕ್ಕಳ ಪಂಚೇಂದ್ರಿಯ ಚಟುವಟಿಕೆ’ಗಳು ನಿಮ್ಮಲ್ಲಿ ಕೈಕೊಡುವುದಕ್ಕೆ ಇನ್ನೊಂದು ಕಾರಣವಿದೆ. ಅವುಗಳಲ್ಲಿ ಹೆಚ್ಚಿನವು ಶಾಲಾಪೂರ್ವ ತರಗತಿಗೆ ಹೊಂದುವಂಥವು. ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದರು. ಅವರ ಪದ್ಧತಿಯ ಶಬ್ದದ ಡಬ್ಬಿಗಳು, ವಾಸನೆಯ ಸೀಸೆಗಳು, ಬಟ್ಟೆ ತುಂಡುಗಳ ಪೆಟ್ಟಿಗೆ ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿವೆ. ಆದರೆ ಅವುಗಳಲ್ಲಿ ಜೋಡಿ ಹುಡುಕುವ, ಸಾಲಾಗಿ ಹೊಂದಿಸುವ ಆಟಗಳು ಸುಮಾರು ಮೂರರಿಂದ ಆರು ವರ್ಷದವರಿಗೆ ಸರಿ. ಎರಡು ವರ್ಷದ ಮಗುವಿನ ಕೈಗೆ ಆರು ಜೋಡಿ ಡಬ್ಬಿ ಕೊಟ್ಟರೆ ಅದು ಹನ್ನೆರಡನ್ನೂ ಅಲ್ಲಾಡಿಸಿ ಎಸೆಯುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ಚಿತ್ರದ ವಿಷಯದಲ್ಲೂ ಇದೇ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಚ್ 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೋಣೆಯ ಪುಟ್ಟ ಮಾದರಿಯೊಳಗೆ ಆಟಿಕೆಯೊಂದನ್ನು ಬಚ್ಚಿಟ್ಟು ತೋರಿಸಿ, ದೊಡ್ಡ ಕೋಣೆಯಲ್ಲಿ ಅದೇ ಜಾಗದಲ್ಲಿರುವ ಆಟಿಕೆಯನ್ನು ಹುಡುಕಲು ಮಕ್ಕಳಿಗೆ ಹೇಳಿದ್ದರು. ಮೂರು ವರ್ಷದವರು ಹೆಚ್ಚಾಗಿ ಹುಡುಕಿದರು, ಎರಡೂವರೆ ವರ್ಷದವರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ಒಂದು ವಸ್ತು ಇನ್ನೊಂದನ್ನು ಸೂಚಿಸುತ್ತದೆ ಎಂಬ ತಿಳಿವು ಆ ಹೊತ್ತಿಗೆ ಇನ್ನೂ ಬಲಿಯುತ್ತಿರುತ್ತದೆ. ಹಾಗಾಗಿ ಗೋಡೆಗೆ ಕಿವಿಯ ಚಿತ್ರ ಅಂಟಿಸಿ ‘ಇದು ಕೇಳುವ ಮೇಜು’ ಎಂದರೆ ಅವರಿಗೆ ತಲುಪುವುದಿಲ್ಲ. ಅವರವರ ಕಿವಿಯನ್ನೇ ಅವರು ಮುಟ್ಟಿಕೊಳ್ಳಲಿ. ನಿಜವಾದ ವಸ್ತು ಮೊದಲು, ಪುಸ್ತಕದ ಚಿತ್ರ ಆಮೇಲೆ.

ಅರ್ಧ ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ಮೂರು ನಿಮಿಷ ಪ್ರತಿ ವಾರದ ಅದೇ ಸ್ವಾಗತದ ಹಾಡು. ಇಡೀ ಸರಣಿ ಮುಗಿಯುವವರೆಗೆ ಅದನ್ನು ಬದಲಿಸಬೇಡಿ. ಮುಂದೆ ಮೂರು ನಿಮಿಷ ಅಂಗಗಳ ಪದ್ಯ, ಐದು ನಿಮಿಷ ಪುಸ್ತಕ, ಮೂರು ನಿಮಿಷ ಎದ್ದು ಕುಣಿತ, ಎಲ್ಲರೂ ಒಟ್ಟಿಗೆ ಒಂದೇ ವಸ್ತುವಿನೊಡನೆ ಆಡುವುದಕ್ಕೆ ನಾಲ್ಕು ನಿಮಿಷ, ಆಮೇಲೆ ಹತ್ತು ನಿಮಿಷ ಬಿಡುವಾಗಿ ಓಡಾಡಿ ಆಡುವುದು, ಉಳಿದೆರಡು ನಿಮಿಷ ಬೀಳ್ಕೊಡುವ ಹಾಡು. ಕುಣಿತವನ್ನು ಬಿಡಬೇಡಿ. ಮೈಯ ಸಮತೋಲ, ಕೈಕಾಲು ಎಲ್ಲಿವೆ ಎಂಬ ಅರಿವು ಇವೂ ಇಂದ್ರಿಯಗಳೇ, ಪಂಚೇಂದ್ರಿಯದ ಪಟ್ಟಿಯಲ್ಲಿ ಸೇರಿಲ್ಲ ಅಷ್ಟೆ. ಜಿಗಿಯುವ, ತೂಗಾಡುವ, ಗಿರ್ರನೆ ಸುತ್ತುವ ಮಗು ಅವುಗಳನ್ನೇ ಪಳಗಿಸಿಕೊಳ್ಳುತ್ತಿರುತ್ತದೆ.

ಪದ್ಯ ಉದ್ದ ಬೇಡ. ಹೀಗಿದ್ದರೆ ಸಾಕು:

ಕಣ್ಣು ಕಣ್ಣು ಏನು ಮಾಡ್ತೀಯಾ? ಪಿಳಿಪಿಳಿ ನೋಡ್ತೀನಿ.
ಕಿವಿ ಕಿವಿ ಏನು ಮಾಡ್ತೀಯಾ? ಟಣ್ ಅಂದ್ರೆ ಕೇಳ್ತೀನಿ.
ಮೂಗು ಮೂಗು ಏನು ಮಾಡ್ತೀಯಾ? ಘಮಘಮ ಮೂಸ್ತೀನಿ.
ಕೈಯೇ ಕೈಯೇ ಏನು ಮಾಡ್ತೀಯಾ? ಮೆತ್ತಗೆ ಮುಟ್ತೀನಿ.

ಪ್ರತಿ ಸಾಲಿನ ‘ಏನು ಮಾಡ್ತೀಯಾ’ ಮುಗಿದ ಮೇಲೆ ಅಂಗ ಮುಟ್ಟಿಕೊಂಡು ಎರಡು ಎಣಿಸುವಷ್ಟು ಹೊತ್ತು ತಡೆಯಿರಿ. ಆ ಬಿಡುವಿನಲ್ಲೇ ಮಕ್ಕಳು ಸೇರಿಕೊಳ್ಳುವುದು. ಪಿಳಿಪಿಳಿ, ಟಣ್, ಘಮಘಮ, ಟಪಟಪ, ಜುಳುಜುಳು ಇಂಥ ಮಾತುಗಳನ್ನು ಧಾರಾಳವಾಗಿ ಬಳಸಿ. ಇನ್ನೂ ವಾಕ್ಯ ಕಟ್ಟಲಾರದ ಮಗುವೂ ಅವನ್ನು ಬೇಗ ಹಿಡಿಯುತ್ತದೆ. ಮೊದಲ ವಾರ ಪದ್ಯ ತೀರಾ ನಿಧಾನವಾಯಿತು ಎಂದು ನಿಮಗೆ ಅನಿಸಿದರೆ ವೇಗ ಸರಿಯಾಗಿದೆ ಎಂದರ್ಥ.

ಪುಸ್ತಕ ಆರಿಸುವಾಗ ಇಡೀ ಪಂಚೇಂದ್ರಿಯದ ಪಾಠ ಹೇಳುವ ಪುಸ್ತಕಗಳನ್ನು ಬದಿಗಿಡಿ. ಸದ್ದು ಮಾಡುವ ಪ್ರಾಣಿಗಳ ಪುಸ್ತಕ ಕೇಳುವ ದಿನಕ್ಕೆ ಅದಕ್ಕಿಂತ ಚೆನ್ನ. ಪುಟಕ್ಕೆ ಒಂದೆರಡು ವಾಕ್ಯ, ಒಂದೇ ದೊಡ್ಡ ಚಿತ್ರ, ಸುತ್ತ ಖಾಲಿ ಜಾಗ ಇರಲಿ. ಎಂಟು ಹತ್ತು ಬಾರಿ ತಿರುವಿದರೆ ಮುಗಿಯುವಂತಿರಲಿ. ಮುಟ್ಟಿ ನೋಡುವ ತೇಪೆಗಳಿರುವ ಪುಸ್ತಕ ಮನೆಗೆ ಒಳ್ಳೆಯದು, ಗುಂಪಿಗೆ ಆಗದು. ಹನ್ನೆರಡು ಮಕ್ಕಳಿಗೆ ತಲಾ ಅರ್ಧ ನಿಮಿಷ ಎಂದರೂ ಒಂದು ಪುಟಕ್ಕೇ ಆರು ನಿಮಿಷ ಹೋಗುತ್ತದೆ, ಅಷ್ಟರಲ್ಲಿ ಹನ್ನೊಂದು ಮಕ್ಕಳು ಎದ್ದು ಹೋಗಿರುತ್ತಾರೆ. ಸರದಿ ಕಾಯುವುದು ಈ ವಯಸ್ಸಿಗೆ ಆಗದ ಮಾತು. ಇದು ಪುಸ್ತಕಕ್ಕೆ ಮಾತ್ರವಲ್ಲ, ನೀವು ಇಡುವ ಪ್ರತಿ ವಸ್ತುವಿಗೂ ಅನ್ವಯಿಸುತ್ತದೆ: ಪ್ರತಿ ಮಗುವಿಗೆ ಒಂದರಂತೆ, ಮೇಲೆ ಎರಡು ಹೆಚ್ಚಿಗೆ.

ಮುಟ್ಟುವ ದಿನಕ್ಕೆ ಹದಿನೈದು ಸೆಂಟಿಮೀಟರ್ ಚೌಕದ ಗಟ್ಟಿ ರಟ್ಟುಗಳನ್ನು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಒಂದೊಂದಕ್ಕೂ ಒಂದೊಂದು ಬಗೆಯ ಮೈ ಅಂಟಿಸಿ: ಮಖಮಲ್ ಬಟ್ಟೆ, ಏಣುಗಳಿರುವ ಡಬ್ಬಿರಟ್ಟು, ಸ್ಪಂಜು, ಗೋಣಿಬಟ್ಟೆ, ಸ್ಯಾಂಡ್‌ಪೇಪರ್. ಸ್ಯಾಂಡ್‌ಪೇಪರ್ 120ನೆಯ ನಂಬರಿನದೋ ಅದಕ್ಕಿಂತ ನಯವಾದದ್ದೋ ಇರಲಿ. ನಂಬರ್ ಇಳಿದಷ್ಟೂ ಕಾಳು ದಪ್ಪ, ಎಳೆಯ ಚರ್ಮಕ್ಕೆ ತರಚುತ್ತದೆ. ಅಂಟನ್ನು ನಡುವೆ ಮಾತ್ರವಲ್ಲ, ಅಂಚಿನುದ್ದಕ್ಕೂ ಹಚ್ಚಿ. ಅಂಚು ಸ್ವಲ್ಪ ಎದ್ದರೂ ಮಕ್ಕಳು ಕಿತ್ತೇ ಕೀಳುತ್ತಾರೆ. ಸ್ಪಂಜಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಅವರು ಅದನ್ನು ಕಚ್ಚಿ ತುಂಡು ಮಾಡಬಲ್ಲರು. ಮೊದಲ ದಿನ ಎಲ್ಲ ಐದನ್ನೂ ತರಬೇಡಿ. ಒರಟು ಮತ್ತು ನುಣುಪು, ಈ ಎರಡು ಸಾಕು. ವ್ಯತ್ಯಾಸ ದೊಡ್ಡದಿದ್ದಷ್ಟು ಮಾತು ಬೇಗ ಅಂಟಿಕೊಳ್ಳುತ್ತದೆ.

ತಣ್ಣಗಿನದು ಏನೆಂದು ತೋರಿಸಲು ಸಣ್ಣ ಮಂಜುಗಡ್ಡೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ ಅದು. ಅರ್ಧ ಲೀಟರ್ ಡಬ್ಬಿಯಲ್ಲಿ ನೀರು ಹೆಪ್ಪುಗಟ್ಟಿಸಿ ಒಂದೇ ದೊಡ್ಡ ಗಡ್ಡೆಯನ್ನು ತಟ್ಟೆಯಲ್ಲಿಡಿ. ಫ್ರೀಜರಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು, ಮೇಲ್ಮೈ ಒದ್ದೆಯಾದ ಮೇಲಷ್ಟೇ ಮುಟ್ಟಿಸಿ. ಮೇಲ್ಮೈ ಇನ್ನೂ ಒಣಗಿರುವ ಮಂಜುಗಡ್ಡೆಗೆ ಒದ್ದೆ ಬೆರಳು ಅಂಟಿಕೊಂಡು ನೋಯುತ್ತದೆ.

ಕತ್ತಲ ಪೆಟ್ಟಿಗೆಯ ತೂತಿನೊಳಗೆ ಕೈ ಹಾಕಿ ಏನಿದೆ ಹೇಳು ಎನ್ನುವ ಆಟ ಎಲ್ಲ ಪಟ್ಟಿಯಲ್ಲೂ ಇರುತ್ತದೆ. ನಿಮ್ಮಲ್ಲಿ ಅತ್ತವರು ಅಲ್ಲೇ ಅತ್ತಿರಬಹುದು ಎಂದು ನನ್ನ ಊಹೆ. ಕಾಣದ ಜಾಗಕ್ಕೆ ಕೈ ಹಾಕುವುದು ಈ ವಯಸ್ಸಿನ ಅನೇಕರಿಗೆ ಹೆದರಿಕೆ. ಅದರ ಬದಲು ಚೆಂಡು, ಬಾಚಣಿಗೆಯಂಥ ಎರಡೇ ವಸ್ತುಗಳನ್ನು ಮೊದಲು ತೋರಿಸಿ, ಮುಟ್ಟಿಸಿ, ಅವರ ಕಣ್ಣೆದುರೇ ತೆಳು ಬಟ್ಟೆಯ ಚೀಲಕ್ಕೆ ಹಾಕಿ, ಹೊರಗಿನಿಂದ ಹಿಸುಕಿ ನೋಡಲು ಬಿಡಿ. ಕಣ್ಣಿಗೆ ಬಟ್ಟೆ ಕಟ್ಟುವುದಂತೂ ಬೇಡವೇ ಬೇಡ.

ಕೇಳುವ ದಿನವೇ ನಡೆಸುವವರಿಗೆ ಹೆಚ್ಚು ಫಲ ಕೊಡುವ ದಿನ. 200–250 ಮಿಲಿಲೀಟರಿನ, ಗಟ್ಟಿ ಗೋಡೆಯ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗಳನ್ನು ತೊಳೆದು ಪೂರ್ತಿ ಒಣಗಿಸಿ. ತೇವ ಉಳಿದರೆ ಕಾಳು ಬೂಸ್ಟು ಹಿಡಿಯುತ್ತದೆ. ಒಂದರಲ್ಲಿ ಅಕ್ಕಿ, ಒಂದರಲ್ಲಿ ದಪ್ಪ ಕಾಳು, ಒಂದರಲ್ಲಿ ಗೆಜ್ಜೆ, ಒಂದರಲ್ಲಿ ಹತ್ತಿ. ಬಾಟಲಿಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಕಾಳು ಗೋಡೆಗೆ ಬಡಿದಾಗಲೇ ಸದ್ದು, ಬಡಿಯಲು ಖಾಲಿ ಜಾಗ ಬೇಕು. ಮುಕ್ಕಾಲು ತುಂಬಿದ ಬಾಟಲಿ ಬರೀ ಸೊರಗುಟ್ಟುತ್ತದೆ. ಮುಚ್ಚಳದ ಒಳತಿರುಪಿಗೆ ಗಟ್ಟಿ ಅಂಟು ಹಚ್ಚಿ ಬಿಗಿದು, ಒಂದು ರಾತ್ರಿ ಒಣಗಲು ಬಿಟ್ಟು, ಹೊರಗೆ ಎರಡು ಸುತ್ತು ಟೇಪು ಸುತ್ತಿ. ಆಮೇಲೆ ನೀವೇ ಎದೆಯೆತ್ತರದಿಂದ ನೆಲಕ್ಕೆ ನಾಲ್ಕು ಸಲ ಬೀಳಿಸಿ ನೋಡಿ, ಮಕ್ಕಳು ಹೇಗೂ ಬೀಳಿಸುತ್ತಾರೆ.

ಹತ್ತಿಯ ಬಾಟಲಿಯನ್ನು ತಮಾಷೆಗೆ ಸೇರಿಸಿದ್ದಲ್ಲ. ಅಲ್ಲಾಡಿಸಿದರೂ ಸದ್ದೇ ಬಾರದಿದ್ದಾಗ ಮಗು ಬಾಟಲಿಯನ್ನು ಕಿವಿಯ ಹತ್ತಿರ ಒಯ್ಯುತ್ತದೆ. ಕಿವಿಗೂ ಕೇಳುವುದಕ್ಕೂ ನಂಟಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ವಸ್ತು ನನಗೆ ಗೊತ್ತಿಲ್ಲ.

ಆಟ ಸರಳ: ‘ಜೋರು’ ಎಂದಾಗ ಎಲ್ಲರೂ ಜೋರಾಗಿ, ‘ಮೆಲ್ಲಗೆ’ ಎಂದಾಗ ಮೆಲ್ಲಗೆ, ‘ನಿಲ್ಲು’ ಎಂದಾಗ ಬಾಟಲಿ ತಲೆಯ ಮೇಲೆ. ಮೆಲ್ಲಗಿನಿಂದ ಶುರು ಮಾಡಿ. ಹನ್ನೆರಡು ಬಾಟಲಿ ಮುಚ್ಚಿದ ಕೋಣೆಯಲ್ಲಿ ಏಕಾಏಕಿ ಸದ್ದು ಮಾಡಿದರೆ ಒಬ್ಬಿಬ್ಬರಾದರೂ ಕಿವಿ ಮುಚ್ಚಿಕೊಂಡು ಅಳುತ್ತಾರೆ. ಲೋಹದ ತಟ್ಟೆ, ಜಾಗಟೆಯಂಥವು ಇನ್ನೂ ಕೆಟ್ಟವು, ಅವು ಬೇಡ. ಬಾಟಲಿ ಹಂಚುವ ಮೊದಲೇ ವಾಪಸು ಪಡೆಯುವ ಉಪಾಯ ಮಾಡಿಕೊಳ್ಳಿ. ಖಾಲಿ ಬುಟ್ಟಿ ಹಿಡಿದು ‘ಬುಟ್ಟಿಗೆ ಹಸಿವು, ಅಂ ಅಂ’ ಎಂದು ಹಾಡುತ್ತ ಸುತ್ತು ಬಂದರೆ ಕೊಡುತ್ತಾರೆ. ‘ಕೊಡಿ ಮಕ್ಕಳೇ’ ಎಂದರೆ ಯಾರೂ ಕೊಡುವುದಿಲ್ಲ.

ನೋಡುವ ದಿನಕ್ಕೆ ಹೆಚ್ಚು ಹೇಳುವುದಿಲ್ಲ. ಅರ್ಧ ಕತ್ತಲು ಮಾಡಿದ ಕೋಣೆಯಲ್ಲಿ ಗೋಡೆಯ ಮೇಲೆ ಟಾರ್ಚಿನ ಬೆಳಕು ಓಡಿಸಿ ಹಿಡಿಯಲು ಬಿಡಿ, ಮುಖಕ್ಕೆ ಬಿಡಬೇಡಿ. ಒಡೆಯದ ಅಕ್ರಿಲಿಕ್ ಕನ್ನಡಿ ತಲಾ ಒಂದು ಕೊಟ್ಟು ‘ನಿನ್ನ ಮೂಗು ಕಾಣ್ತಾ?’ ಎನ್ನಿ. ಬಣ್ಣದ ಪಾರದರ್ಶಕ ಹಾಳೆಯನ್ನು ರಟ್ಟಿನ ಚೌಕಟ್ಟಿಗೆ ಹಾಕಿ ಅದರ ಮೂಲಕ ನೋಡಿಸಿ. ಬಣ್ಣದ ಹೆಸರು ಹೇಳಿಸುವುದಕ್ಕೆ ಹೋಗಬೇಡಿ. ಒಂದೇ ಬಣ್ಣದ ಎರಡು ವಸ್ತುಗಳನ್ನು ಜೋಡಿಸುವುದು ಮೊದಲು ಬರುತ್ತದೆ, ಹೆಸರು ಬಹಳ ಆಮೇಲೆ. ಭೂತಗನ್ನಡಿಯೂ ಬೇಡ. ಅದನ್ನು ಸರಿಯಾದ ದೂರದಲ್ಲಿ ಹಿಡಿಯಲು ಬಾರದೆ ಕಣ್ಣಿಗೇ ಅಂಟಿಸಿಕೊಳ್ಳುತ್ತಾರೆ, ಏನೂ ಕಾಣುವುದಿಲ್ಲ.

ಇನ್ನು ಮೂಸುವುದು. ‘ಮೂಸು’ ಎಂದರೆ ಎರಡು ವರ್ಷದವರಲ್ಲಿ ಹಲವರು ಉಸಿರನ್ನು ಒಳಗೆಳೆಯುವ ಬದಲು ಹೊರಗೆ ಊದುತ್ತಾರೆ. ಬೇಕೆಂದಾಗ ಮೂಗಿನಿಂದ ಎಳೆದುಕೊಳ್ಳುವುದು ಕಲಿತು ಬರುವ ವಿದ್ಯೆ. ಮೊದಲು ನೀವೇ ಬಾಯಿ ಮುಚ್ಚಿ, ಭುಜ ಎತ್ತಿ, ಸದ್ದು ಬರುವಂತೆ ಎಳೆದು ‘ಹಾ!’ ಎಂದು ಬಿಟ್ಟು ತೋರಿಸಿ. ಡಬ್ಬಿಗೆ ಸಣ್ಣ ತೂತುಗಳ ಮುಚ್ಚಳ ಹಾಕಿ, ಸುತ್ತ ಟೇಪು ಬಿಗಿದು, ಮೂಗಿನಿಂದ ಒಂದು ಗೇಣು ದೂರದಲ್ಲಿ ಮನೆಯವರೇ ಹಿಡಿಯಲಿ, ಮಗುವಿನ ಕೈಗೆ ಕೊಡುವುದು ಬೇಡ. ನಿಮ್ಮಲ್ಲಿ ಹತ್ತಿ ಬಾಯಿಗೆ ಹೋದದ್ದು ಮುಚ್ಚಳ ತೆರೆದಿದ್ದರಿಂದ. ಒಳಗೆ ನಿಂಬೆಯ ಸಿಪ್ಪೆ, ಪುದೀನ ಎಲೆ, ಚಕ್ಕೆಯ ತುಂಡು ಇಡಬಹುದು. ಪುಡಿ ಯಾವುದೂ ಬೇಡ. ಚಕ್ಕೆ, ಮೆಣಸಿನ ಪುಡಿ ಉಸಿರಿನೊಡನೆ ಒಳಹೋದರೆ ಶ್ವಾಸನಾಳ ಕೆರಳುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ, ಪುದೀನ ಎಣ್ಣೆಗಳನ್ನು ಕೋಣೆಯೊಳಗೇ ತರಬೇಡಿ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಪುಟ್ಟ ಮಕ್ಕಳಿಗೆ ಸೆಳವು ತರಿಸಬಲ್ಲದು. ಸುಗಂಧ ಸಿಂಪಡಿಸುವುದೂ ಬೇಡ, ಉಬ್ಬಸ ಇರುವವರಿಗೆ ಅದು ತೊಂದರೆ. ಎರಡು ವಾಸನೆ ಸಾಕು, ಮೂರನೆಯದಕ್ಕೆ ಮೂಗಿನ ಚುರುಕೂ ಇಳಿಯುತ್ತದೆ, ಮಗುವಿನ ಆಸಕ್ತಿಯೂ ಇಳಿಯುತ್ತದೆ.

ರುಚಿಯನ್ನು ಗ್ರಂಥಾಲಯದಲ್ಲಿ ಮಾಡಬೇಡಿ ಎಂಬುದೇ ನನ್ನ ಸಲಹೆ. ಅಲರ್ಜಿ ಒಂದು ಕಾರಣ. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಎಳ್ಳು, ಮೀನು ಇವುಗಳಲ್ಲಿ ಯಾವುದು ಯಾರಿಗೆ ಆಗದು ಎಂಬುದು ಆ ವಯಸ್ಸಿಗೆ ಮನೆಯವರಿಗೇ ಪೂರ್ತಿ ಗೊತ್ತಿರುವುದಿಲ್ಲ. ಆದರೆ ಇನ್ನೊಂದು ಕಾರಣ ನನಗೆ ಅಷ್ಟೇ ಮುಖ್ಯ. ಒಂದು ಡಬ್ಬಿಯಿಂದ ತಿನ್ನಲು ಕೊಟ್ಟ ಕೂಡಲೇ ಕೋಣೆಯಲ್ಲಿರುವ ಎಲ್ಲ ಡಬ್ಬಿಯೂ ತಿಂಡಿಯ ಡಬ್ಬಿಯಾಗುತ್ತದೆ. ‘ಇದು ತಿನ್ನುವುದು, ಅದು ಮೂಸುವುದು’ ಎಂಬ ಭೇದವನ್ನು ಎರಡು ವರ್ಷದ ಮಗು ಇಟ್ಟುಕೊಳ್ಳಲಾರದು. ಬದಲಿಗೆ ಹುಳಿ ತಿಂದ ಮುಖ, ಕಹಿ ತಿಂದ ಮುಖ ಮಾಡುವ ಆಟ ಆಡಿಸಿ, ಮನೆಗೆ ಒಂದು ಚೀಟಿ ಕೊಡಿ: ‘ಇಂದು ಊಟದ ಹೊತ್ತಿಗೆ ಸಿಹಿ, ಹುಳಿ, ಉಪ್ಪು ಈ ಮೂರು ಮಾತು ಹೇಳಿ.’ ನಾಲಿಗೆಯ ತುದಿಗೆ ಸಿಹಿ, ಹಿಂದೆ ಕಹಿ ಎಂದು ಜಾಗ ಹಂಚಿದ ಚಿತ್ರವನ್ನು ಮಾತ್ರ ಎಲ್ಲೂ ಅಂಟಿಸಬೇಡಿ. 1901ರ ಜರ್ಮನ್ ಅಧ್ಯಯನವೊಂದನ್ನು ಆಮೇಲಿನವರು ತಪ್ಪಾಗಿ ಓದಿಕೊಂಡಿದ್ದರಿಂದ ಹುಟ್ಟಿದ ನಕ್ಷೆ ಅದು. ರುಚಿಮೊಗ್ಗುಗಳಿರುವ ಎಲ್ಲ ಭಾಗಕ್ಕೂ ಎಲ್ಲ ರುಚಿ ತಿಳಿಯುತ್ತದೆ.

ಎಲ್ಲ ದಿನಕ್ಕೂ ಸೇರಿದ ಸುರಕ್ಷತೆಯ ಮಾತು. ಟಾಯ್ಲೆಟ್ ಪೇಪರ್ ಸುತ್ತಿಬರುವ ರಟ್ಟಿನ ಕೊಳವೆಯೊಂದನ್ನು ಇಟ್ಟುಕೊಳ್ಳಿ. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಹೋಗಬಾರದು. ಅಮೆರಿಕದ ಆಟಿಕೆ ನಿಯಮದಲ್ಲಿ ಇದೇ ಪರೀಕ್ಷೆಯ ಕೊಳವೆ 3.17 ಸೆಂಟಿಮೀಟರ್ ಅಗಲದ್ದು. ರಟ್ಟಿನ ಕೊಳವೆ ಅದಕ್ಕಿಂತ ತುಸು ಅಗಲವಿರುವುದರಿಂದ ಎಚ್ಚರ ಸ್ವಲ್ಪ ಹೆಚ್ಚೇ ಆಗುತ್ತದೆ, ಒಳ್ಳೆಯದೇ. ಟಾರ್ಚ್, ಸದ್ದಿನ ಪುಸ್ತಕಗಳ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಬಟನ್ ಬ್ಯಾಟರಿ ನುಂಗಿದರೆ ಅನ್ನನಾಳವನ್ನು ಎರಡು ಗಂಟೆಯೊಳಗೇ ಸುಡಬಲ್ಲದು. ನೀರು ಹೀರಿ ಉಬ್ಬುವ ಜೆಲ್ ಮಣಿಗಳು ಎಷ್ಟು ಚೆಂದ ಕಂಡರೂ ಬೇಡ, ನುಂಗಿದರೆ ಕರುಳಿನಲ್ಲಿ ಉಬ್ಬಿ ದಾರಿ ಕಟ್ಟುತ್ತವೆ. ರಬ್ಬರ್ ಬಲೂನು, ಬಿಡಿ ಅಯಸ್ಕಾಂತ ಬೇಡ. ನೀರಿನ ಆಟವಿದ್ದರೆ ಟಬ್ಬಿನ ಪಕ್ಕದಿಂದ ದೊಡ್ಡವರು ಕದಲಬಾರದು, ಆಟ ಮುಗಿದ ಕ್ಷಣವೇ ಚೆಲ್ಲಿಬಿಡಿ, ಕೆಲವೇ ಸೆಂಟಿಮೀಟರ್ ನೀರೂ ಅಪಾಯ.

ಮಾತಿನ ಕ್ರಮ ಬದಲಿಸಿದರೆ ಅರ್ಧ ಗದ್ದಲ ಕಡಿಮೆಯಾಗುತ್ತದೆ. ‘ಇದು ಏನು? ಇದು ಹೇಗಿದೆ?’ ಎಂದು ಪರೀಕ್ಷೆ ಮಾಡುವ ಬದಲು ಮಗು ಮಾಡುತ್ತಿರುವುದನ್ನೇ ಹೇಳಿ: ‘ಮುಟ್ಟಿದೆಯಾ ಪುಟ್ಟಾ? ಒರಟು, ಒರಟು.’ ಕೇಳಲೇಬೇಕೆನಿಸಿದರೆ ಒಂದೇ ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಉತ್ತರ ಹಲವು ಸಲ ಎಂಟನ್ನು ದಾಟಿದ ಮೇಲೆ ಬರುತ್ತದೆ, ನಾವು ಮೂರಕ್ಕೇ ಮುಂದಿನ ಪ್ರಶ್ನೆಗೆ ಹಾರಿರುತ್ತೇವೆ. ಇದನ್ನು ಮನೆಯವರಿಗೂ ಶುರುವಿನಲ್ಲೇ ಒಂದು ವಾಕ್ಯದಲ್ಲಿ ತಿಳಿಸಿ: ‘ನೀವೂ ನೆಲದ ಮೇಲೆ ಕೂತು ಆಡಿ, ಮಗುವಿಗಾಗಿ ಉತ್ತರ ಹೇಳಬೇಡಿ.’ ಅಪ್ಪನೋ ಅಜ್ಜಿಯೋ ತಾವೇ ಮುಟ್ಟಿ ‘ಅಬ್ಬಾ, ಮೆತ್ತಗಿದೆ’ ಎಂದರೆ ಮಗುವಿಗೆ ಧೈರ್ಯ ಬರುತ್ತದೆ.

ಮುಟ್ಟಲು ಒಲ್ಲದ ಮಗುವಿನ ಕೈ ಹಿಡಿದು ಮುಟ್ಟಿಸಬೇಡಿ. ಒಂದು ಕುಂಚವನ್ನೋ ಚಮಚವನ್ನೋ ಕೊಡಿ, ಅದರಿಂದ ಮುಟ್ಟಲಿ. ಇಲ್ಲವೇ ಮುಚ್ಚಿದ ಪ್ಲಾಸ್ಟಿಕ್ ಚೀಲದೊಳಗಿಟ್ಟು ಕೊಡಿ. ಅಮ್ಮನ ತೊಡೆಯ ಮೇಲಿಂದ ಬರೀ ನೋಡಿದರೂ ಆಗಬಹುದು. ಕೋಣೆಯ ಒಂದು ಮೂಲೆಯಲ್ಲಿ ಚಾಪೆ, ಎರಡು ಪುಸ್ತಕ ಇಟ್ಟು ಅಲ್ಲಿ ಆಟ ಇಲ್ಲ, ಸದ್ದು ಇಲ್ಲ ಎಂದು ಮೊದಲೇ ಹೇಳಿಟ್ಟರೆ ಸದ್ದಿಗೆ, ಸ್ಪರ್ಶಕ್ಕೆ ಬೇಗ ದಣಿಯುವ ಮಕ್ಕಳಿಗೆ ಹೋಗಲು ಜಾಗವಿರುತ್ತದೆ. ಕಣ್ಣು ಕಾಣದ, ಕಿವಿ ಕೇಳದ ಮಗು ಗುಂಪಿನಲ್ಲಿದ್ದರೆ ‘ನಾವೆಲ್ಲ ಕಣ್ಣಿಂದ ನೋಡುತ್ತೇವೆ’ ಎನ್ನುವ ಸಾಲನ್ನು ಬಿಟ್ಟುಬಿಡಿ. ಕೇಳುವ ದಿನ ಬಾಟಲಿಯ ಬದಲು ತಮಟೆಯ ಮೇಲೆ ಅಂಗೈ ಇಡಿಸಿದರೆ ಕಂಪನ ಎಲ್ಲರಿಗೂ ಸಿಗುತ್ತದೆ, ಮೆಲ್ಲಗೆ ಬಾರಿಸಿ.

ಕೊನೆಗೆ ತೊಳೆಯುವುದು. ‘ಬಾಯಿಗೆ ಹೋದವು’ ಎಂದು ಬರೆದ ಬುಟ್ಟಿಯೊಂದನ್ನು ಕೈಗೆಟುಕುವಲ್ಲಿಟ್ಟು, ಜೊಲ್ಲು ತಾಗಿದ ವಸ್ತುವನ್ನು ಆಗಲೇ ಅದಕ್ಕೆ ಹಾಕಿ, ಹೆಚ್ಚಿಗೆ ಇಟ್ಟ ಎರಡರಲ್ಲಿ ಒಂದನ್ನು ಕೊಡಿ. ಪ್ಲಾಸ್ಟಿಕ್ ವಸ್ತುಗಳನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಬಟ್ಟೆಗಳನ್ನು ಒಗೆಯಿರಿ, ಸಿಪ್ಪೆ ಎಲೆಗಳನ್ನು ಅಂದೇ ಎಸೆಯಿರಿ. ರಟ್ಟಿನ ಹಲಗೆಗಳನ್ನು ತೊಳೆಯಲಾಗದು, ಬಾಯಿಗೆ ಹೋದದ್ದನ್ನು ಎಸೆದು ಹೊಸದು ಮಾಡಿ. ಮುಂದಿನ ವಾರ ಡಬ್ಬಿ ತೆರೆದಾಗ ಮೊದಲ ಕೆಲಸ ಪ್ರತಿ ಬಾಟಲಿಯ ಮುಚ್ಚಳ ತಿರುಗಿಸಿ ನೋಡುವುದು. ಸ್ವಲ್ಪ ಅಲ್ಲಾಡಿದರೂ ಅದನ್ನು ಆ ದಿನ ಹೊರಗೆ ತೆಗೆಯಬೇಡಿ.